ಅವರಿಗೆ ಲಿಮಿಟೆಡ್, ನಮ್ಮ ಕೇರಿಗೆ ಅನ್‌ಲಿಮಿಟೆಡ್



ಇವತ್ತಿನದು ಸ್ವಲ್ಪ ಉದ್ದ ಐತಿ, ಪುರುಸೊತ್ತು ಮಾಡಿಕೊಂಡು ಓದ್ರಿ. ವಿಷಯ ಬಿಯರ್. ನಕ್ಕರೂ ಅಡ್ಡಿ ಇಲ್ಲ. ಕುಡಿಯದಾಂವ ಬಿಯರ್ ಬಗ್ಗೆ ಏನ್ ಬರೀತಾನ ಅಂತ ನಮ್ಮ ಗೆಳೆಯರೇ ಕೆಲವರು ಅಂತಾರ. 1956ರ ಅಕ್ಟೋಬರ್‌ನಲ್ಲಿ ನಾಗಪುರದೊಳಗ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮದ್ಯ ಮುಟ್ಟುವುದಿಲ್ಲ ಅನ್ನೋದೂ ಒಂದು. ಅದನ್ನು ನಾನು ಪಾಲಿಸ್ತೀನಿ, ಅಷ್ಟೇ. ಕುಡಿಯುವವರಿಗೆ ಬುದ್ಧಿ ಹೇಳಲಿಕ್ಕೆ ಕೂತಿಲ್ಲ. ಆ ಕೆಲಸಕ್ಕೆ ಬೇಕಾದಷ್ಟು ಮಠಗಳದಾವ.

ಹುಕ್ಕೇರಿ ಕಡೆಯ ನಮ್ಮ ಹುಡುಗ ಒಬ್ಬ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕಂಪನಿಯೊಳಗ ಇದ್ದಾನ. ನಮ್ಮ ಸಂಘಟನೆಯ ಅಭ್ಯಾಸ ಶಿಬಿರಕ್ಕೆ ಬಂದು ಬೆಳೆದ ಹುಡುಗ. ಹೋದ ತಿಂಗಳು ಫೋನ್ ಮಾಡಿದಾಗ ಮಾತಿಗೆ ಮಾತು ಬಂದು ಹೇಳಿದ: "ಅಣ್ಣಾ, ನಮ್ಮ ಏರಿಯಾದ ಬ್ರೂವರಿಯೊಳಗ ಮಾವಿನಹಣ್ಣಿನ ಬಿಯರ್ ಬಂದಿತ್ತು. ಒಂದೇ ಬ್ಯಾಚ್. ಮೂರು ದಿನದಾಗ ಖಾಲಿ. ಎರಡು ತಾಸು ಹೊರಗ ನಿಂತು ಕುಡಿದು ಬಂದೆ." ನಾನು ನಕ್ಕು, ಎರಡು ತಾಸು ಪಾಳಿ ಹಚ್ಚೋದು ಊರಾಗ ಸಾಲಲಿಲ್ಲೇನು ತಮ್ಮಾ ಅಂದೆ. ಅವ ನಗಲಿಲ್ಲ. "ಆ ಪಾಳಿಯೊಳಗ ನನ್ನ ಅಡ್ಡಹೆಸರು ಯಾರೂ ಕೇಳಂಗಿಲ್ಲಣ್ಣ. ಯಾವ ಬಿಯರ್ ಕುಡಿದೀ ಅಂತ ಕೇಳ್ತಾರ" ಅಂದ.

ಈ ಮಾತು ನನ್ನನ್ನ ಕಾಡಿತು. ಅದಕ್ಕೇ ಈ ವಿಷಯ ಸ್ವಲ್ಪ ಓದಿಕೊಂಡು ಬರೀತಿದೀನಿ.

ಗೊತ್ತಿಲ್ಲದವರಿಗೆ ಮೊದಲು ಇದೇನು ಅಂತ ಹೇಳ್ತೀನಿ. ಕ್ರಾಫ್ಟ್ ಬಿಯರ್ ಅಂದರೆ ದೊಡ್ಡ ಫ್ಯಾಕ್ಟರಿಯ ಬಾಟಲಿ ಅಲ್ಲ. ಸಣ್ಣ ಬ್ರೂವರಿಯವರು ತಮ್ಮದೇ ಟ್ಯಾಂಕಿನಲ್ಲಿ ಮಾಲ್ಟ್, ಹಾಪ್ಸ್, ಯೀಸ್ಟ್ ಹಾಕಿ ಹುದುಗಿಸಿ ಅಲ್ಲೇ ಮಗ್ಗಿನಲ್ಲಿ ಕೊಡುವ ಬಿಯರ್. ಬೆಂಗಳೂರಲ್ಲಿ 2010–11ರ ಹೊತ್ತಿಗೆ ಇದು ಶುರುವಾಯಿತು. ವಿಠ್ಠಲ್ ಮಲ್ಯ ರಸ್ತೆಯ ದ ಬಿಯರ್ ಕ್ಲಬ್, ಇಂದಿರಾನಗರದ ಟಾಯ್ಟ್, ಆಮೇಲೆ 2012ರಲ್ಲಿ ಅಮೆರಿಕದ ಮಿಶಿಗನ್ ಮೂಲದ ಆರ್ಬರ್. ಈಗ ಊರ ತುಂಬ ಅದಾವ. ಒಂದು ಟ್ಯಾಂಕ್ ತುಂಬಿ ಹದಕ್ಕೆ ಬರಲಿಕ್ಕೆ ಎರಡು ಮೂರು ವಾರ ಬೇಕು. ಪ್ರಿಸರ್ವೇಟಿವ್ ಇಲ್ಲದ ಕಾರಣ ಬಹಳ ದಿನ ಇಡಲಿಕ್ಕೂ ಬರೋದಿಲ್ಲ. ಹಾಪ್ಸ್ ಜಾಸ್ತಿ ಹಾಕಿದ ಬಿಯರಿನ ವಾಸನೆ ಬೇಗ ಹಾರಿಹೋಗತದ. ಹಾಗಾಗಿ ಮಾವಿನ ಸೀಸನ್ನಿಗೆ ಒಂದು ಬ್ಯಾಚ್ ಮಾಡಿದರೆ ಅದು ಮುಗಿದರೆ ಮುಗಿಯಿತು. ಇಷ್ಟರ ಮಟ್ಟಿಗೆ ಕೊರತೆ ಖರೇನೇ.

ಆದರೆ ಈ ಖರೆ ಕೊರತೆಯ ಮೇಲೆ ಒಂದು ದೊಡ್ಡ ಸಾಮ್ರಾಜ್ಯ ಕಟ್ಟ್ಯಾರ ನೋಡ್ರಿ, ಅದನ್ನು ತಿಳಿಯಬೇಕಂದ್ರ ಅಮೆರಿಕಕ್ಕೆ ಹೋಗಬೇಕು. ಕ್ಯಾಲಿಫೋರ್ನಿಯಾದ ಸಾಂಟಾ ರೋಸಾದಲ್ಲಿ ರಷ್ಯನ್ ರಿವರ್ ಅನ್ನೋ ಬ್ರೂವರಿ 'ಪ್ಲೈನಿ ದ ಯಂಗರ್' ಅಂತ ಒಂದು ಬಿಯರನ್ನು ವರ್ಷಕ್ಕೆ ಎರಡೇ ವಾರ ಕೊಡತದ. ಬೆಳಕು ಹರಿಯೋದಕ್ಕೆ ಮುಂಚೆ ಪಾಳಿ ಹಚ್ಚತಾರ, ವಿಮಾನದಲ್ಲಿ ಬರುವವರೂ ಅದಾರ. ಇಂಡಿಯಾನಾ ರಾಜ್ಯದ ಮನ್‌ಸ್ಟರ್ ಊರಿನ ತ್ರೀ ಫ್ಲಾಯ್ಡ್ಸ್‌ನವರು 'ಡಾರ್ಕ್ ಲಾರ್ಡ್' ಅನ್ನುವ ಕಪ್ಪು ಬಿಯರಿಗೆ ಒಂದು ದಿನದ ಜಾತ್ರೆನೇ ಮಾಡಿದರು, ಅದಕ್ಕೆ ಟಿಕೆಟ್. ವರ್ಮಾಂಟ್‌ನ ವಾಟರ್‌ಬರಿಯಲ್ಲಿ 'ಹೆಡಿ ಟಾಪರ್' ಅನ್ನೋ ಡಬ್ಬಿ ಬಿಯರಿಗೆ ಕಾರುಗಳು ಎಷ್ಟು ಬಂದವು ಅಂದರೆ, ಅಕ್ಕಪಕ್ಕದವರ ತಕರಾರಿಗೆ 2013ರಲ್ಲಿ ಬ್ರೂವರಿಯವರು ಅಲ್ಲಿನ ಅಂಗಡಿಯನ್ನೇ ಮುಚ್ಚಿದರು. ತಲೆಗೆ ಇಷ್ಟೇ ಬಾಟಲಿ ಅಂತ ನಿಯಮ ಇದ್ದರೆ ಗೆಳೆಯರನ್ನೂ ಹೆಂಡತಿಯನ್ನೂ ಪಾಳಿಗೆ ನಿಲ್ಲಿಸತಾರ. ಒಯ್ದು ಕುಡಿಯೋದಿಲ್ಲ, ಕಪಾಟಿನಲ್ಲಿ ಇಡತಾರ, ಇನ್ನೊಬ್ಬನ ಅಪರೂಪದ ಬಾಟಲಿಗೆ ಬದಲು ಕೊಡತಾರ, ಇಲ್ಲ ನಾಲ್ಕು ಪಟ್ಟು ರೇಟಿಗೆ ಮಾರತಾರ.

ಇದರಲ್ಲಿ ನನಗೆ ಇಷ್ಟವಾದವರು ಬೆಲ್ಜಿಯಂನ ಸನ್ಯಾಸಿಗಳು. ವೆಸ್ಟ್‌ವ್ಲೆಟೆರನ್ ಊರಿನ ಸಿಂಟ್ ಸಿಕ್ಸ್ಟಸ್ ಮಠದವರು ತಮ್ಮ ಮಠ ನಡೆಯಲಿಕ್ಕೆ ಎಷ್ಟು ಬೇಕೋ ಅಷ್ಟೇ ಬಿಯರ್ ಮಾಡತಾರ. 2005ರ ಸುಮಾರಿಗೆ ಯಾರೋ ಅದನ್ನು ಜಗತ್ತಿನ ಅತ್ಯುತ್ತಮ ಬಿಯರ್ ಅಂದುಬಿಟ್ಟರು, ಊರಿಗೆ ಊರೇ ಕಾರಿನಿಂದ ತುಂಬಿತು. ಆಗಲೂ ಅವರು ಜಾಸ್ತಿ ಮಾಡಲಿಲ್ಲ, ರೇಟೂ ಏರಿಸಲಿಲ್ಲ. ಫೋನ್ ಮಾಡಿ ಹೆಸರು ಹಚ್ಚಬೇಕು, ಕಾರಿನ ನಂಬರ್ ಕೊಡಬೇಕು, ಮರುಮಾರಾಟ ಮಾಡಬಾರದು ಅಂತ ಕಟ್ಟುನಿಟ್ಟು ಮಾಡಿದರು. ಆದರೂ 2018ರಲ್ಲಿ ನೆದರ್ಲೆಂಡ್ಸಿನ ಒಂದು ಸೂಪರ್‌ಮಾರ್ಕೆಟ್ ಅದನ್ನೇ ಹತ್ತಿರ ಹತ್ತಿರ ಹತ್ತು ಯೂರೋಗೆ ಒಂದು ಬಾಟಲಿಯಂತೆ ಮಾರಿತು. ಮಾಡುವವ ಎಷ್ಟೇ ನೆಟ್ಟಗಿದ್ದರೂ ನಡುವಿನವ ಬಿಡಂಗಿಲ್ಲ. ನಮ್ಮ ರೈತರಿಗೆ ಇದನ್ನ ಹೇಳಿಕೊಡಬೇಕಾಗಿಲ್ಲ.

ಈಗ ನನ್ನ ತಕರಾರಿಗೆ ಬರ್ತೀನಿ. ಒಂದು ಬಿಯರ್ ರುಚಿ ಇದ್ದರೆ ಅದಕ್ಕೆ ಕಾಯೋದು ತಪ್ಪಲ್ಲ. ಗೋಕಾಕ ಕರದಂಟು ಬಿಸಿಬಿಸಿ ಬರೋದನ್ನು ನಾವೂ ಅಂಗಡಿ ಮುಂದೆ ಕಾದೀವಿ. ಆದರೆ ಕರದಂಟಿನವ ಎಂದಾದರೂ "ಈ ವರ್ಷ ಇನ್ನೂರೇ ಡಬ್ಬಿ, ಚೀಟಿ ಎತ್ತತೀನಿ" ಅಂದಾನ? ಅಂದಿದ್ದರೆ ಆ ಡಬ್ಬಿ ತಿನ್ನುವವನಿಗಿಂತ ತೋರಿಸುವವ ಜಾಸ್ತಿ ಆಗತಿದ್ದ. ನನಗೆ ಸಿಕ್ಕಿತು ಅನ್ನೋ ಖುಷಿಯೊಳಗ ನಿನಗೆ ಸಿಗಲಿಲ್ಲ ಅನ್ನೋ ಖುಷಿ ಬೆರೆತಿರತದ. ಈ ಎರಡನೇ ಖುಷಿಯ ಪರಿಚಯ ನಮಗೆ ಬಹಳ ಹಳೇದು. ಮಹಾಡದ ಚವದಾರ ಕೆರೆಯಲ್ಲಿ ನೀರು ಕಡಿಮೆ ಇರಲಿಲ್ಲ. ದನಕ್ಕೂ ಇತ್ತು, ನಾಯಿಗೂ ಇತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಹೋಗಿ ಬೊಗಸೆಯಲ್ಲಿ ಎತ್ತಿ ಕುಡಿಯುವವರೆಗೆ ನಮಗೆ ಮಾತ್ರ ಅದು ಲಿಮಿಟೆಡ್ ಆಗಿತ್ತು.

ಬಿಯರ್ ಪಾಳಿಯೂ ಕೆರೆಯೂ ಒಂದೇ ಅಂತ ನಾನು ಹೇಳೋದಿಲ್ಲ. ಮಾವಿನ ಬಿಯರ್ ಸಿಗದಿದ್ದರೆ ಯಾರೂ ಸಾಯಂಗಿಲ್ಲ. ನಾನು ಹೇಳೋದು ಕೊರತೆಗೆ ಜಾತಿ ಇರತದ ಅಂತ. ಯಾರಿಗೆ ಕೊರತೆ ಬಂತು ಅನ್ನೋದರ ಮೇಲೆ ಅದರ ಹೆಸರು ಬದಲಾಗತದ.

ನೆನಪು ಮಾಡಿಕೊಳ್ಳಿ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಬಂದ್ ಆಯಿತು. ಪಾಕೀಟು ಸಾರಾಯಿ ಕುಡಿಯುತ್ತಿದ್ದವರು ಯಾರು? ಕೂಲಿಯವರು, ಗಾಡಿ ಹೇರುವವರು, ಕಬ್ಬು ಕಡಿಯುವವರು, ಚರಂಡಿಗೆ ಇಳಿಯುವವರು. ಚರಂಡಿಗೆ ಇಳಿಯುವ ಮನುಷ್ಯ ಯಾಕ ಕುಡೀತಾನ ಅನ್ನೋದನ್ನು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಬಡವರ ಉದ್ಧಾರ ಅಂತ ಹೇಳಿ ಬಂದ್ ಮಾಡಿದರು. ವರ್ಷ ತುಂಬೋದರೊಳಗ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ, ಗಡಿಯಾಚೆ ಹೊಸೂರು ಕಡೆ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಬಹುತೇಕರು ಸ್ಲಮ್ಮಿನವರು, ಕೂಲಿಕಾರರು. ಮಿಥೆನಾಲ್ ಬೆರೆತಿತ್ತು. ಬಡವನ ಕುಡಿತಕ್ಕೆ ಕೊರತೆ ಬಂದಾಗ ಆಗಿದ್ದು ಇದು. ಅದಾಗಿ ಎರಡು ಮೂರು ವರ್ಷಕ್ಕೆ ಅದೇ ಬೆಂಗಳೂರಲ್ಲಿ ಗಾಜಿನ ಗೋಡೆಯ ಹಿಂದೆ ತಾಮ್ರದ ಟ್ಯಾಂಕ್ ಇಟ್ಟು, ಜನ ಅದನ್ನು ನೋಡುತ್ತ ಕುಡಿಯುವಂಗ ಮೈಕ್ರೋಬ್ರೂವರಿ ತೆರೆದರು. ಸಿರಿವಂತನ ಕುಡಿತಕ್ಕೆ ಕೊರತೆ ಬಂದರೆ ಅದಕ್ಕೆ 'ರಿಲೀಸ್' ಅಂತ ಹೆಸರು, ಸಿನಿಮಾದಂಗ.

ಗುಡಿಸಲಿನೊಳಗ ಕೊಡ ಇಟ್ಟು ಹುದುಗಿಸಿದರೆ ಅಬಕಾರಿಯವರು ಬಂದು ಕೊಡ ಒಡೀತಾರ, ಮುದುಕಿಯನ್ನೂ ಜೀಪಿಗೆ ಹತ್ತಿಸತಾರ. 1965ರ ಅಬಕಾರಿ ಕಾಯ್ದೆ ಐತಿ. ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ ಬಕೀಟು ಇಟ್ಟು ಹುದುಗಿಸಿದರೆ 'ಹೋಮ್ ಬ್ರೂಯಿಂಗ್ ಹವ್ಯಾಸ' ಅಂತ ಇಂಗ್ಲಿಷ್ ಪೇಪರಿನ ಭಾನುವಾರದ ಪುರವಣಿಯಲ್ಲಿ ಫೋಟೋ ಬರತದ. ಕಳ್ಳಭಟ್ಟಿಯನ್ನು ನಾನು ಸಮರ್ಥಿಸಂಗಿಲ್ಲ, ಅದು ನಮ್ಮವರನ್ನೇ ಕೊಲ್ಲತದ. ಜೀಪು ಯಾವ ಬಾಗಿಲಿಗೆ ಬರತದ, ಫೋಟೋಗ್ರಾಫರ್ ಯಾವ ಬಾಗಿಲಿಗೆ ಬರ್ತಾನ ಅಂತ ಕೇಳ್ತಿದೀನಿ.

ಪಾಳಿ ಅಂದಕೂಡಲೆ ಎಲ್ಲರಿಗೂ 2020ರ ಮೇ 4 ನೆನಪಾಗಬೇಕು. ಲಾಕ್‌ಡೌನಿನಲ್ಲಿ ಒಂದೂವರೆ ತಿಂಗಳ ಹತ್ತಿರ ಮುಚ್ಚಿದ್ದ ವೈನ್‌ಶಾಪ್‌ಗಳು ಅವತ್ತು ತೆರೆದವು. ಮೊದಲ ದಿನ ರಾಜ್ಯದಲ್ಲಿ ಸುಮಾರು 45 ಕೋಟಿ, ಎರಡನೇ ದಿನ ಸುಮಾರು 197 ಕೋಟಿ ರೂಪಾಯಿಯ ಮಾಲು ಹೋಯಿತು. ಟಿವಿಯವರು ಬೆಳಿಗ್ಗೆಯಿಂದ ಕ್ಯಾಮೆರಾ ಹಿಡಿದಿದ್ದು ಯಾರ ಮುಖಕ್ಕೆ? ಹರಕು ಚಪ್ಪಲಿ ಹಾಕಿಕೊಂಡು, ಮಾರ್ಕ್ ಮಾಡಿದ ಚೌಕದಲ್ಲಿ ಕುಕ್ಕರಗಾಲಲ್ಲಿ ಕೂತವನ ಮುಖಕ್ಕೆ. "ರೇಷನ್ನಿಗೆ ದುಡ್ಡಿಲ್ಲ, ಎಣ್ಣೆಗೆ ಐತಿ" ಅಂತ ಹೀಯಾಳಿಸಿದರು. ಅದೇ ದಿನ ಬೆಂಗಳೂರಲ್ಲಿ ಒಂದೇ ಬಿಲ್ 52,841 ರೂಪಾಯಿ ಆಗಿತ್ತು. ಹದಿಮೂರೂವರೆ ಲೀಟರ್ ಮದ್ಯ, 35 ಲೀಟರ್ ಬಿಯರ್. ಒಬ್ಬನಿಗೆ ಇಷ್ಟೇ ಅನ್ನೋ ಮಿತಿಯ ಎಷ್ಟೋ ಪಟ್ಟು. ಎಂಟು ಮಂದಿ ಸೇರಿ ತಗೊಂಡು ಒಂದೇ ಕಾರ್ಡಿನಲ್ಲಿ ರೊಕ್ಕ ಕಟ್ಟಿದರು ಅಂತ ಅಂಗಡಿಯವ ಹೇಳಿದ, ಅವನ ಮೇಲೆ ಕೇಸೂ ಆಯಿತು. ಆದರೆ ಆ ಬಿಲ್ ಮೊಬೈಲಿನಿಂದ ಮೊಬೈಲಿಗೆ ಹೋಗಿದ್ದು ನಗೆಚಾಟಿಕೆಯಾಗಿ, ಅರ್ಧ ಮೆಚ್ಚುಗೆಯಾಗಿ. ಕ್ವಾರ್ಟರ್ ಒಯ್ದವ ಕುಡುಕ, ಕಾರಿನ ಡಿಕ್ಕಿ ತುಂಬಿಕೊಂಡವ ಸ್ಟಾಕ್ ಮಾಡಿದ ಜಾಣ.

ಈಗ ನಮ್ಮ ಮೂರು ತಾಲ್ಲೂಕಿಗೆ ಬರೋಣ. ಗೋಕಾಕ, ಮೂಡಲಗಿ, ಹುಕ್ಕೇರಿ. ಘಟಪ್ರಭೆಯ ನೀರು, ಕಣ್ಣು ಹಾಯಿಸಿದಷ್ಟು ಕಬ್ಬು. ಕಬ್ಬಿನಿಂದ ಸಕ್ಕರೆ, ಸಕ್ಕರೆ ತೆಗೆದ ಮೇಲೆ ಉಳಿಯೋದು ಕಾಕಂಬಿ, ಕಾಕಂಬಿಯಿಂದ ಸ್ಪಿರಿಟ್. ಆ ಸ್ಪಿರಿಟ್ಟಿಗೆ ಬಣ್ಣ, ವಾಸನೆ, ನೀರು ಹಾಕಿ ವಿಸ್ಕಿ, ರಮ್ಮು, ಬ್ರಾಂದಿ ಅಂತ ಮಾರೋದಕ್ಕೆ 'ಭಾರತದಲ್ಲಿ ತಯಾರಾದ ವಿದೇಶಿ ಮದ್ಯ' ಅಂತ ಹೆಸರು. ಈ ಹೆಸರು ಇಟ್ಟವನಿಗೆ ಒಂದು ಪ್ರಶಸ್ತಿ ಕೊಡಬೇಕು. ನಮ್ಮವ ಕೊಯ್ತಾ ಹಿಡಿದು ಕಡಿದ ಕಬ್ಬು, ಎಲ್ಲೆಲ್ಲೋ ಸುತ್ತಿ ತೊಂಬತ್ತು ಎಂಎಲ್ ಟೆಟ್ರಾ ಪ್ಯಾಕ್ ಆಗಿ ಅವನ ಕಿಸೆಗೇ ವಾಪಸ್ ಬರತದ. ಬರುವಾಗ ಸರ್ಕಾರದ ಸುಂಕ ಹೊತ್ತುಕೊಂಡು ಬರತದ. 2025–26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ತರಬೇಕು ಅಂತ ಗುರಿ ಇಟ್ಟರು.

ಅದನ್ನು ಯಾರಿಂದ ತರತಾರ ಅಂತ ರೇಟು ನೋಡಿದರೆ ತಿಳೀತದ. 2024ರ ಆಗಸ್ಟ್‌ನಲ್ಲಿ ದುಬಾರಿ ಬ್ರಾಂಡುಗಳ ಸುಂಕ ಇಳಿಸಿದರು. ಪಕ್ಕದ ರಾಜ್ಯದಲ್ಲಿ ಅಗ್ಗ ಸಿಗತದ, ನಮ್ಮ ಗಿರಾಕಿ ಅಲ್ಲಿಗೆ ಹೋಗಬಾರದು ಅಂತ ಕಾರಣ. 2025ರಲ್ಲಿ ಬಿಯರಿನದೂ, ಕೆಳಗಿನ ಸ್ಲ್ಯಾಬಿನ ಅಗ್ಗದ ಮದ್ಯದ್ದೂ ಏರಿತು. ಕೂಲಿಯವ ಬಸ್ ಹತ್ತಿ ಬೇರೆ ರಾಜ್ಯಕ್ಕೆ ಹೋಗಂಗಿಲ್ಲಲ್ಲ, ಅದಕ್ಕ.

ನಮ್ಮ ಕೇರಿಗಳಲ್ಲಿ ಏನೇನು ಲಿಮಿಟೆಡ್ ಅಂತ ಒಮ್ಮೆ ಲೆಕ್ಕ ಹಾಕ್ರಿ. ಹಿಡಕಲ್ ಡ್ಯಾಮ್ ಇರೋದು ಹುಕ್ಕೇರಿ ತಾಲ್ಲೂಕಿನಲ್ಲೇ, ಆದರೂ ಬೇಸಿಗೆಯಲ್ಲಿ ಎಷ್ಟೋ ಕಾಲೊನಿಯ ನಳಕ್ಕೆ ನೀರು ಯಾವಾಗ ಬರತದ ಅಂತ ಹೆಣ್ಣುಮಕ್ಕಳು ಕೊಡ ಹಚ್ಚಿ ಕಾಯ್ತಾರ. ಅವೂ ಬಣ್ಣಬಣ್ಣದ ಕೊಡ, ಸಾಲಾಗಿ ಚಂದ ಕಾಣತಾವ, ಯಾರೂ ಅದನ್ನ ರಿಲೀಸ್ ಅನ್ನಂಗಿಲ್ಲ. ಹಾಸ್ಟೆಲ್ ಸೀಟು ಲಿಮಿಟೆಡ್. ನಾನು ಗುಮಾಸ್ತ. ಯಾವ ಕಚೇರಿ ಅನ್ನೋದು ಇಲ್ಲಿ ಬೇಡ. ಜೂನ್ ಬಂತಂದ್ರ ತಾಯಂದಿರು ಹುಡುಗರ ಅಂಕಪಟ್ಟಿ ಪ್ಲಾಸ್ಟಿಕ್ ಚೀಲದೊಳಗ ಹಾಕಿಕೊಂಡು ಬಾಗಿಲಲ್ಲಿ ನಿಲ್ಲತಾರ. ಮೊದಲ ಪಟ್ಟಿ ಹಚ್ಚತಾರ, ಎರಡನೇ ಪಟ್ಟಿ ಹಚ್ಚತಾರ, ಆಮೇಲೆ ಸೀಟು ಮುಗಿಯಿತು. ಎಪ್ಪತ್ತೆಂಟು ಪರ್ಸೆಂಟ್ ಆದ ಹುಡುಗಿಯ ಅವ್ವ, "ಸಾಹೇಬ್ರ, ಮೂರನೇ ಪಟ್ಟಿ ಬರತದಲ್ರಿ?" ಅಂತ ನನ್ನನ್ನು ಕೇಳಿದರೆ ನಾನು ಏನ್ ಹೇಳಲಿ. ಮಸಣಕ್ಕೆ ಜಾಗ ಲಿಮಿಟೆಡ್. ಬ್ಯಾಕ್‌ಲಾಗ್ ಹುದ್ದೆ ಲಿಮಿಟೆಡ್. ಎಲ್ಲದಕ್ಕೂ ಅರ್ಜಿ, ದಾಖಲೆ, ಪಾಳಿ.

ದಾರೂ ಒಂದೇ ಅನ್‌ಲಿಮಿಟೆಡ್. ನಸುಕಿನಲ್ಲೂ ಸಿಗತದ, ರಾತ್ರಿ ಹನ್ನೊಂದಕ್ಕೂ ಸಿಗತದ. ಲೈಸನ್ಸ್ ಇರುವ ಅಂಗಡಿ ಊರಾಚೆ ಇದ್ದರೂ, ಅಲ್ಲಿಂದ ಬಾಕ್ಸಿನಲ್ಲಿ ಬಂದು ಕಿರಾಣಿ ಅಂಗಡಿಯಲ್ಲಿ, ಚಹಾದಂಗಡಿಯಲ್ಲಿ, ಮನೆ ಹಿತ್ತಲಲ್ಲಿ ಹತ್ತಿಪ್ಪತ್ತು ರೂಪಾಯಿ ಜಾಸ್ತಿಗೆ ಸಿಗತದ. ಉದ್ರಿಯೂ ಕೊಡತಾರ. ಹಾಸ್ಟೆಲ್ ಸೀಟು ಯಾರಾದರೂ ಉದ್ರಿ ಕೊಟ್ಟಾರೇನು? ಎಂಎಸ್‌ಐಎಲ್ ಅಂತ ಸರ್ಕಾರದ ಕಂಪನಿ ಐತಿ. 'ಲೇಖಕ್' ನೋಟ್‌ಬುಕ್ ಅವರದೇ, ಮದ್ಯದಂಗಡಿಯೂ ಅವರದೇ. ಎರಡರಲ್ಲಿ ಯಾವುದು ನಿಮ್ಮ ಹೋಬಳಿಯಲ್ಲಿ ಸುಲಭವಾಗಿ ಸಿಗತದ ಅಂತ ನೀವೇ ಹೋಗಿ ನೋಡ್ರಿ. ಗೋವಾದ ಅಗ್ಗದ ಮಾಲು ಚೋರ್ಲಾ ಘಾಟ್ ಹತ್ತಿ ಬರೋದು ಬೇರೆ.

ಬೆಂಗಳೂರಿನ ಹುಡುಗನಿಗೆ ಎರಡು ತಾಸು ಕಾಯಿಸಿ ಒಂದು ಮಗ್ಗು ಕೊಡತಾರ. ಅವನಪ್ಪನಿಗೆ ಕಾಯಿಸದೇ ಕೊಡತಾರ, ಬೇಡ ಅಂದರೂ ಕೊಡತಾರ. ಒಂದೇ ಮನೆಯ ಇಬ್ಬರು.

ಅವನ ಅಡ್ಡಹೆಸರಿನ ಮಾತಿಗೆ ಬರ್ತೀನಿ. ಅದು ಸುಳ್ಳಲ್ಲ. ಊರ ಚಹಾದಂಗಡಿಯಲ್ಲಿ ಬೇರೆ ಲೋಟ ಇಟ್ಟಿದ್ದನ್ನು ಅವನ ಅಪ್ಪ ಕಂಡಾನ. ಅಪರಿಚಿತರ ಜೊತೆ ಭುಜಕ್ಕೆ ಭುಜ ತಾಗಿಸಿ ನಿಂತು, ಒಂದೇ ತರದ ಗ್ಲಾಸಿನಲ್ಲಿ ಕುಡಿಯೋದು ಅವನಿಗೆ ಸಣ್ಣ ವಿಷಯ ಅಲ್ಲ. ಆ ಸುಖವನ್ನು ನಾನು ಹಗುರ ಮಾಡಂಗಿಲ್ಲ, ನಮ್ಮ ಹೋರಾಟದ ಸಭೆಗಳಲ್ಲಿ ಅವನಿಗೆ ಅಷ್ಟು ಹಗುರ ಅನಿಸಿರಲಿಕ್ಕಿಲ್ಲ. ಆದರೆ ಅವನೇ ಇನ್ನೊಂದು ಮಾತು ಹೇಳಿದ. ಬ್ರೂವರಿಯ ಒಳಗಿನವರ ಪರಿಚಯ ಇದ್ದವರಿಗೆ ಪಾಳಿ ಇರಲಿಲ್ಲವಂತೆ, ಅವರಿಗೆ ಮೊದಲ ದಿನವೇ ಟೇಬಲ್ ಬುಕ್ ಆಗಿತ್ತು. ಯಾರ ಮಗ, ಯಾವ ಸ್ಕೂಲು, ಯಾವ ಕ್ಲಬ್ಬು. ಅಡ್ಡಹೆಸರು ಕೇಳದೇ ಇರಬಹುದು. ಆ ಪರಿಚಯದ ಪಟ್ಟಿಯೊಳಗ ನಮ್ಮ ಹುಡುಗರ ಹೆಸರು ಎಷ್ಟು ಅದಾವ ಅಂತ ಅವನಿಗೂ ಗೊತ್ತು. ಬಿಯರಿನ ಕಹಿ ಎಷ್ಟು, ಯಾವ ದೇಶದ ಹಾಪ್ಸ್ ಅಂತ ಮಾತಾಡಲಿಕ್ಕೆ ಅವ ಆರು ತಿಂಗಳು ಕಲಿತನಂತೆ. ಉಳಿದವರು ಕಲಿತಿದ್ದನ್ನು ಯಾರೂ ನೋಡಿಲ್ಲ.

ಹಂಗಾದರೆ ಎಲ್ಲ ಬಂದ್ ಮಾಡಬೇಕೇನು? ಇಲ್ಲಿ ನಮ್ಮೊಳಗೇ ಜಗಳ ಐತಿ. ಬಿಹಾರದಲ್ಲಿ 2016ರ ಏಪ್ರಿಲ್‌ನಲ್ಲಿ ಪೂರ್ತಿ ಬಂದ್ ಮಾಡಿದರು. ಆ ಕಾಯ್ದೆಯಡಿ 2017ರಲ್ಲಿ ಮೊದಲು ಶಿಕ್ಷೆ ಆಗಿದ್ದು ಜಹಾನಾಬಾದಿನ ಮುಸಹರ್ ಸಮುದಾಯದ ಇಬ್ಬರು ಅಣ್ಣತಮ್ಮಂದಿರಿಗೆ, ಕೂಲಿಕಾರರಿಗೆ. ಕುಡಿದದ್ದಕ್ಕೆ ಐದು ವರ್ಷ ಜೈಲು. ಪಾಟ್ನಾದ ಬಂಗಲೆಗಳಲ್ಲಿ ಯಾರೂ ಕುಡಿಯಲೇ ಇಲ್ಲ ಅಂತ ನಂಬೋಣ. ಹಾಗಾಗಿ ಪೂರ್ತಿ ನಿಷೇಧ ಅಂದಾಗ ನನಗೆ ಮೊದಲು ಪೊಲೀಸ್ ಜೀಪೇ ಕಾಣತದ. ಇನ್ನೊಂದು ಕಡೆ, 2019ರ ಜನವರಿಯಲ್ಲಿ ರಾಯಚೂರು ಕಡೆಯ ಹೆಣ್ಣುಮಕ್ಕಳು ಮುಂದಾಗಿ, ಸಾವಿರಾರು ತಾಯಂದಿರು ಮದ್ಯ ನಿಷೇಧ ಆಂದೋಲನದ ಹೆಸರಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡು ಹೋದರು. ದಾರಿಯಲ್ಲಿ ಬೈಕು ಬಡಿದು ಒಬ್ಬ ತಾಯಿ ಜೀವ ಬಿಟ್ಟಳು. ಅವರ ಮುಂದೆ ನಿಂತು "ನಿಷೇಧ ಪರಿಹಾರ ಅಲ್ರವ್ವಾ" ಅಂತ ಹೇಳುವ ಧೈರ್ಯ ನನಗಿಲ್ಲ. ಮನೆಗೆ ಬರುವ ಹೊಡೆತ ತಿನ್ನುವವರು ಅವರು, ನಾನಲ್ಲ.

ನನಗೆ ಒಪ್ಪಿಗೆಯಾಗೋದು ಸಂಕೇಶ್ವರದಿಂದ ಸ್ವಲ್ಪ ದೂರದ ಗಡಿಯಾಚೆ ಇರುವ ಪದ್ಧತಿ. ಮಹಾರಾಷ್ಟ್ರದಲ್ಲಿ ಊರಿನ ನಾಲ್ಕನೇ ಒಂದು ಪಾಲು ಹೆಣ್ಣುಮಕ್ಕಳು ಸಹಿ ಹಾಕಿ ಅರ್ಜಿ ಕೊಟ್ಟರೆ ಮತದಾನ ಇಡಬೇಕು. ಚೀಟಿಯಲ್ಲಿ ಎರಡೇ ಚಿತ್ರ. ನಿಂತ ಬಾಟಲಿ, ಮಲಗಿದ ಬಾಟಲಿ. 'ಉಭಿ ಬಾಟಲಿ, ಆಡವಿ ಬಾಟಲಿ' ಅಂತಾರ. ಮತದಾರ ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಲಗಿದ ಬಾಟಲಿಗೆ ಒತ್ತಿದರೆ ಅಂಗಡಿ ಮುಚ್ಚಬೇಕು. ಯಾರನ್ನೂ ಜೈಲಿಗೆ ಹಾಕಂಗಿಲ್ಲ, ಅಂಗಡಿಗೆ ಬೀಗ ಹಾಕತಾರ. ಗಡಹಿಂಗ್ಲಜ್ ಕಡೆ ನೆಂಟರು ಇರುವವರಿಗೆ ಇದು ಗೊತ್ತಿರತದ. ಕರ್ನಾಟಕದಲ್ಲಿ ಲೈಸನ್ಸ್ ಕೊಡುವಾಗ ಗ್ರಾಮಸಭೆಗೆ ಇಂಥ ಅಧಿಕಾರ ಇಲ್ಲ. 2023ರಲ್ಲಿ ಮೂರು ಸಾವಿರ ಜನಸಂಖ್ಯೆಯ ಪಂಚಾಯತಿಗಳಲ್ಲೂ ಮದ್ಯದಂಗಡಿ ತೆರೆಯೋ ಪ್ರಸ್ತಾಪ ಬಂದಾಗ ಜನ ಕೂಗಾಡಿದ್ದಕ್ಕೆ ಹಿಂದೆ ಸರಿದರು. ಕೂಗಿದ್ದಕ್ಕೆ ಸರಿದರು, ಕಾನೂನು ಇದ್ದದ್ದಕ್ಕಲ್ಲ. ನಾಳೆ ಮತ್ತೆ ಬರಬಹುದು.

ಅದಕ್ಕೇ ಈ ಸಲದ ಗ್ರಾಮಸಭೆಗಳಲ್ಲಿ ಮೂರೂ ತಾಲ್ಲೂಕಿನ ನಮ್ಮ ಗೆಳೆಯರು ಎರಡು ಠರಾವು ಮಂಡಿಸಬೇಕು ಅಂತ ಕೇಳ್ಕೋತೀನಿ. ಒಂದು, ನಮ್ಮ ಊರಿನ ಹೆಣ್ಣುಮಕ್ಕಳ ಮತದಾನ ಇಲ್ಲದೆ ಲೈಸನ್ಸ್ ಬೇಡ, ಇಂಥ ಕಾನೂನು ತರ್ರಿ ಅಂತ ಸರ್ಕಾರಕ್ಕೆ. ಎರಡು, ಕಿರಾಣಿ ಅಂಗಡಿಯಲ್ಲಿ ಮಾರುವವರ ಮಾಹಿತಿ ಅಬಕಾರಿ ನಿರೀಕ್ಷಕರಿಗೆ, ಸ್ವೀಕೃತಿ ತಗೊಂಡು. ಠರಾವು ನಡಾವಳಿ ಪುಸ್ತಕದಲ್ಲಿ ಬರೆದದ್ದನ್ನು ಅಲ್ಲೇ ನಿಂತು ಓದಿಸಿಕೊಳ್ರಿ. ಕಾರ್ಯದರ್ಶಿ "ಆಮೇಲೆ ಬರೀತೀನಿ" ಅಂದರೆ ಏಳಬ್ಯಾಡ್ರಿ. ನಮೂನೆ ನಾನು ಟೈಪ್ ಮಾಡಿ ಇಟ್ಟೀನಿ, ಬೇಕಾದವರು ಕೇಳ್ರಿ, ಸಂಜೆ ಆರರ ಮೇಲೆ. ಬೆಂಗಳೂರಿನ ತಮ್ಮ ಕೂಡ ಸಭೆಯ ದಿನ ಊರಿಗೆ ಬರ್ತೀನಿ ಅಂದಾನ.

ಜೈಭೀಮ್.